ಐದೇ ಸ್ವರ, ಏಳು ದಿನ

ಮಕ್ಕಳೇ, ಆಗಸ್ಟ್ 15ರಂದು ಶಾಲೆಯ ಮೈದಾನದಲ್ಲಿ ಬ್ಯಾಂಡಿನ ಸದ್ದಿಗೆ ಹೆಜ್ಜೆ ಹಾಕಿದ್ದೀರಲ್ಲವೇ? ಡ್ರಮ್ಮು ಧಂ ಎಂದ ಕೂಡಲೇ ಕಾಲು ತಾನಾಗಿಯೇ ಏಳುತ್ತದೆ, ಬೆನ್ನು ನೆಟ್ಟಗಾಗುತ್ತದೆ. ಜನವರಿ 26ರ ಪಥಸಂಚಲನವನ್ನು ಟಿವಿಯಲ್ಲಿ ನೋಡುವಾಗ ಅಜ್ಜನ ಬೆರಳು ಕುರ್ಚಿಯ ಕೈ ಮೇಲೆ ತಾಳ ಹಾಕುವುದನ್ನೂ ನೀವು ಕಂಡಿರಬಹುದು. ಆ ಬ್ಯಾಂಡು ನುಡಿಸುವವರು ಯಾರು? ಅವರು ಸೈನಿಕರೋ, ಸಂಗೀತಗಾರರೋ?

ಎರಡೂ ಹೌದು. ಅವರು ಬಂದೂಕು ಹಿಡಿಯುವುದನ್ನೂ ಕಲಿತಿರುತ್ತಾರೆ, ಕ್ಲಾರಿನೆಟ್ ಹಿಡಿಯುವುದನ್ನೂ ಕಲಿತಿರುತ್ತಾರೆ. ಅದನ್ನು ಕಲಿಸಲೆಂದೇ ನಮ್ಮ ಸೇನೆಗೆ ಒಂದು ಶಾಲೆಯಿದೆ. ಮಧ್ಯಪ್ರದೇಶದ ಸಾತ್ಪುರ ಬೆಟ್ಟಸಾಲಿನಲ್ಲಿ ಪಚ್ಮಢಿ ಎಂಬ ತಂಪಾದ ಊರು. ಅಲ್ಲಿರುವ ಮಿಲಿಟರಿ ಮ್ಯೂಸಿಕ್ ವಿಂಗ್ 1950ರಲ್ಲಿ ಶುರುವಾಯಿತು. ಆಗ ಸೇನೆಯ ಮುಖ್ಯಸ್ಥರಾಗಿದ್ದವರು ಯಾರು ಗೊತ್ತೇ? ನಮ್ಮ ಕೊಡಗಿನ ಜನರಲ್ ಕೆ.ಎಂ. ಕಾರ್ಯಪ್ಪ. 1949ರ ಜನವರಿ 15ರಂದು ಅವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನೇ ಇಂದಿಗೂ ಸೇನಾ ದಿನವೆಂದು ಆಚರಿಸುತ್ತೇವೆ. ಬ್ರಿಟಿಷರು ಕಟ್ಟಿದ್ದ ಬ್ಯಾಂಡುಗಳಿಗೆ ನಮ್ಮವರೇ ಗುರುಗಳಾಗಬೇಕು ಎಂಬ ಆಸೆಯ ಹಿಂದೆ ಕಾರ್ಯಪ್ಪನವರ ಬೆಂಬಲವಿತ್ತು.

ಬನ್ನಿ, ಅಲ್ಲಿ ಕಲಿಯುವ ಹುಡುಗನೊಬ್ಬನ ಜೊತೆ ಒಂದು ವಾರ ಕಳೆಯೋಣ. ಈ ಹುಡುಗ ನಮ್ಮ ಕಲ್ಪನೆಯವನು. ಆದರೆ ಅವನು ಕಲಿಯುವ ಪಾಠಗಳು ನಿಜವಾದವು. ಅವನು ಬೆಳಗಾವಿ ಕಡೆಯವನು ಎಂದುಕೊಳ್ಳಿ. ಅವನ ಅಜ್ಜ ಮದುವೆ, ಜಾತ್ರೆಗಳಲ್ಲಿ ಸನಾದಿ ಊದುವವರು. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿದೆ. ಚಿಕ್ಕಂದಿನಲ್ಲಿ ಅಜ್ಜನ ಹೆಗಲ ಮೇಲೆ ಕೂತು ಅಲ್ಲಿನ ಬ್ಯಾಂಡು ಕೇಳಿದ್ದ ಹುಡುಗ, ದೊಡ್ಡವನಾಗಿ ಅದೇ ಬ್ಯಾಂಡಿಗೆ ಸೇರಿ, ಈಗ ಕಲಿಯಲು ಪಚ್ಮಢಿಗೆ ಬಂದಿದ್ದಾನೆ.

ಸೋಮವಾರ: ಹೆಸರು ಬಿತ್ತು

ಡಿಸೆಂಬರ್ ಚಳಿ. ಸೂರ್ಯ ಏಳುವ ಮೊದಲೇ ಓಟ, ವ್ಯಾಯಾಮ. ಸಂಗೀತಗಾರ ಎಂದು ಯಾರೂ ರಿಯಾಯಿತಿ ಕೊಡುವುದಿಲ್ಲ. ಊದುವವನಿಗೆ ಬೇಕಾದದ್ದು ಉಸಿರು. ಉಸಿರಿಗೆ ಬೇಕಾದದ್ದು ಓಟ. ಆಮೇಲೆ ಲಂಗರ್‌ನಲ್ಲಿ ಚಹಾ, ತಿಂಡಿ. ಸೇನೆಯಲ್ಲಿ ಅಡುಗೆಮನೆಗೆ ಲಂಗರ್ ಎನ್ನುತ್ತಾರೆ, ಕಲಿಸುವವರಿಗೆ ಉಸ್ತಾದ್ ಎನ್ನುತ್ತಾರೆ.

ಅಂದು ಉಸ್ತಾದರು ಒಂದು ಸುದ್ದಿ ಹೇಳಿದರು. ಭಾನುವಾರ ಡಿಸೆಂಬರ್ 16, ವಿಜಯ ದಿವಸ. 1971ರಲ್ಲಿ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದ ದಿನ. ಅಂದು ಸ್ಮಾರಕದ ಮುಂದೆ ಬ್ಯೂಗಲ್ ಊದಬೇಕಾದವನು ನಮ್ಮ ಹುಡುಗ. ಒಬ್ಬನೇ!

ಬ್ಯೂಗಲ್ ನೋಡಲು ಸಣ್ಣದು, ಆದರೆ ಹಟಮಾರಿ ವಾದ್ಯ. ಕೊಳಲಿಗೆ ರಂಧ್ರಗಳಿವೆ, ಟ್ರಂಪೆಟ್ಟಿಗೆ ಒತ್ತುವ ಗುಂಡಿಗಳಿವೆ. ಬ್ಯೂಗಲ್ಲಿಗೆ ಏನೂ ಇಲ್ಲ. ಅದು ಬರೀ ಸುತ್ತಿದ ಹಿತ್ತಾಳೆಯೋ ತಾಮ್ರದ್ದೋ ಕೊಳವೆ. ತುಟಿಯನ್ನು ಬಿಗಿ ಮಾಡಿದರೆ ಸ್ವರ ಮೇಲೇರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಅದರಲ್ಲಿ ನುಡಿಸುವ ಬಹುತೇಕ ಕರೆಗಳಿಗೆ ಸಿಗುವುದು ಐದೇ ಸ್ವರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸ, ಪ, ಮೇಲಿನ ಸ, ಗ, ಅದರ ಮೇಲಿನ ಪ. ರಿ ಇಲ್ಲ, ಮ ಇಲ್ಲ, ದ ಇಲ್ಲ, ನಿ ಇಲ್ಲ. ಹಾಡುವ ಅಜ್ಜಿ ಮನೆಯಲ್ಲಿದ್ದರೆ ಈ ಐದೇ ಸ್ವರದಲ್ಲಿ ಏನಾದರೂ ಹಾಡಿ ಎಂದು ಕೇಳಿ ನೋಡಿ!

ಹುಡುಗ ಊದಿದ. ಮೇಲಿನ ಪ ಬಂದಾಗ ಸ್ವರ ಸೀಳಿ, ಹೋತದ ಕೂಗಿನಂತಾಯಿತು. ಗೆಳೆಯರು ನಗು ತಡೆದುಕೊಂಡರು. ಉಸ್ತಾದರು ನಗಲಿಲ್ಲ. "ಇನ್ನು ಆರು ದಿನ ಇದೆ" ಎಂದರು.

ಮಂಗಳವಾರ: ಎಲ್ಲರೂ ಒಂದೇ ಶ್ರುತಿ

ಮಂಗಳವಾರ ಇಡೀ ಬ್ಯಾಂಡಿನ ಅಭ್ಯಾಸ. ಕೊಳಲು, ಕ್ಲಾರಿನೆಟ್, ಸ್ಯಾಕ್ಸೊಫೋನ್, ಟ್ರಂಪೆಟ್, ಹಾರ್ನ್, ಟ್ರೊಂಬೋನ್, ಯೂಫೋನಿಯಮ್, ಮೈಗೆ ಸುತ್ತಿಕೊಂಡ ಹೆಬ್ಬಾವಿನಂಥ ದೊಡ್ಡ ಹಿತ್ತಾಳೆ ವಾದ್ಯ, ಮತ್ತೆ ಡ್ರಮ್ಮು, ತಾಳ. ಮೊದಲ ಕೆಲಸ ಶ್ರುತಿ ಸೇರಿಸುವುದು. ಚಳಿಯಲ್ಲಿ ಊದುವ ವಾದ್ಯದ ಶ್ರುತಿ ಇಳಿಯುತ್ತದೆ. ಅದಕ್ಕೇ ಮೊದಲು ಉಸಿರು ಊದಿ ವಾದ್ಯವನ್ನು ಬೆಚ್ಚಗೆ ಮಾಡುತ್ತಾರೆ.

ಶ್ರುತಿ ಸೇರದಿದ್ದರೆ ಏನಾಗುತ್ತದೆ ಎಂದು ಉಸ್ತಾದರು ಒಂದು ಕಥೆ ಹೇಳಿದರು. 1854ರಲ್ಲಿ ಬ್ರಿಟಿಷ್ ಸೇನೆ ಕ್ರಿಮಿಯಾ ಯುದ್ಧಕ್ಕೆಂದು ಟರ್ಕಿಯ ಸ್ಕುಟಾರಿಯಲ್ಲಿ ಬೀಡು ಬಿಟ್ಟಿತ್ತು. ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ಪರೇಡು. ಎಲ್ಲ ಪಡೆಗಳ ಬ್ಯಾಂಡುಗಳೂ ಒಟ್ಟಿಗೆ ರಾಷ್ಟ್ರಗೀತೆ ನುಡಿಸಿದವು. ಆದರೆ ಒಂದೊಂದು ಪಡೆ ತನಗೆ ಬೇಕಾದ ವಾದ್ಯ ಕೊಂಡು, ತನಗೆ ಬೇಕಾದ ಗುರುವನ್ನು ಇಟ್ಟುಕೊಂಡಿತ್ತು. ಒಬ್ಬರದು ಒಂದು ಶ್ರುತಿ, ಇನ್ನೊಬ್ಬರದು ಇನ್ನೊಂದು. ಗೀತೆ ಸಂತೆಯ ಗದ್ದಲವಾಯಿತು! ಸೇನೆಯ ದೊಡ್ಡವರು ತಲೆ ತಗ್ಗಿಸಬೇಕಾಯಿತು. ಅದಾದ ಮೇಲೆ, 1857ರಲ್ಲಿ, ಲಂಡನ್ನಿನ ಹತ್ತಿರ ನೆಲ್ಲರ್ ಹಾಲ್ ಎಂಬಲ್ಲಿ ಸೇನಾ ಸಂಗೀತದ ಶಾಲೆ ಶುರುವಾಯಿತು.

"ನೀನು ಎಷ್ಟೇ ಚೆನ್ನಾಗಿ ನುಡಿಸು, ಪಕ್ಕದವನ ಜೊತೆ ಸೇರದಿದ್ದರೆ ಅದು ಗದ್ದಲವೇ" ಎಂದರು ಉಸ್ತಾದರು.

ಬುಧವಾರ: ನಡೆಯುತ್ತಾ ನುಡಿಸು

ಕುಳಿತು ನುಡಿಸುವುದು ಒಂದು ಕಷ್ಟ. ನಡೆಯುತ್ತಾ ನುಡಿಸುವುದು ಹತ್ತು ಕಷ್ಟ. 'ತೇಜ್ ಚಲ್' ಎಂದರೆ ನಿಮಿಷಕ್ಕೆ 120 ಹೆಜ್ಜೆ. ಎನ್‌ಸಿಸಿಯಲ್ಲಿದ್ದ ಅಣ್ಣ ಅಕ್ಕಂದಿರಿಗೆ ಇದು ಗೊತ್ತು. ಅಂದರೆ ಸೆಕೆಂಡಿಗೆ ಎರಡು ಹೆಜ್ಜೆ. ದೊಡ್ಡ ಡ್ರಮ್ಮಿನ ಧಂ ಎಡಗಾಲಿಗೆ ಬೀಳಬೇಕು. ಸಾಲು ಕದಲಬಾರದು, ತುಟಿ ಅಲುಗಬಾರದು, ರಾಗ ಮರೆಯಬಾರದು. ಅಷ್ಟು ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳಿಸದು. ಹಾಗಾಗಿ ಮುಂದೆ ನಡೆಯುವ ಡ್ರಮ್ ಮೇಜರ್ ತನ್ನ ಬೆಳ್ಳಿ ಬಣ್ಣದ ಉದ್ದನೆಯ ಕೋಲಿನಿಂದಲೇ ತಿರುಗಿ, ನಿಲ್ಲಿ ಎಂದು ಸನ್ನೆ ಮಾಡುತ್ತಾನೆ.

ಇಲ್ಲೊಂದು ಲೆಕ್ಕವಿದೆ, ಮಾಡಿ ನೋಡಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಬ್ಯಾಂಡಿನಿಂದ 170 ಮೀಟರ್ ಹಿಂದೆ ನಡೆಯುವ ಸೈನಿಕನಿಗೆ ಡ್ರಮ್ಮಿನ ಸದ್ದು ಎಷ್ಟು ತಡವಾಗಿ ಮುಟ್ಟುತ್ತದೆ? ಅರ್ಧ ಸೆಕೆಂಡು. ಅರ್ಧ ಸೆಕೆಂಡಿಗೆ ಒಂದು ಹೆಜ್ಜೆ. ಅಂದರೆ ಮುಂದಿನವರು ಬಲಗಾಲು ಇಡುವಾಗ ಹಿಂದಿನವನು ಎಡಗಾಲು ಇಡುತ್ತಿರುತ್ತಾನೆ! ದೊಡ್ಡ ಪಥಸಂಚಲನದಲ್ಲಿ ಒಂದೇ ಬ್ಯಾಂಡು ಸಾಲದೆ, ತುಕಡಿಗಳ ನಡುವೆ ಅಲ್ಲಲ್ಲಿ ಬ್ಯಾಂಡು ಇರುವುದನ್ನು ನೋಡಿದಾಗ ಈ ಲೆಕ್ಕ ನೆನಪಿಸಿಕೊಳ್ಳಿ.

ಅಂದು ಅಭ್ಯಾಸಕ್ಕಿದ್ದ ರಾಗ 'ಕದಂ ಕದಂ ಬಢಾಯೇ ಜಾ'. ಅದಕ್ಕೆ ರಾಗ ಹಾಕಿದವರು ಕ್ಯಾಪ್ಟನ್ ರಾಮ್ ಸಿಂಗ್ ಠಾಕುರಿ. ಗೂರ್ಖಾ ಪಡೆಯಲ್ಲಿದ್ದು, ಆಮೇಲೆ ನೇತಾಜಿಯವರ ಆಜಾದ್ ಹಿಂದ್ ಫೌಜ್ ಸೇರಿದ ಸೈನಿಕ-ಸಂಗೀತಗಾರ ಅವರು.

ರಾತ್ರಿ ಹುಡುಗ ಬ್ಯಾರಕ್ಕಿನ ಹಿಂದೆ ನಿಂತು ಬ್ಯೂಗಲ್ ಊದಿದ. ಹತ್ತು ಸಲ, ಇಪ್ಪತ್ತು ಸಲ. ಮೇಲಿನ ಪ ಮತ್ತೆ ಮತ್ತೆ ಸೀಳಿತು. ತುಟಿ ಬಾತುಕೊಂಡಿತು.

ಗುರುವಾರ: ಅಜ್ಜನ ಫೋನು

ಬೆಳಿಗ್ಗೆ ಬರವಣಿಗೆಯ ಪಾಠ. ಐದು ಗೆರೆಗಳ ಮೇಲೆ ಚುಕ್ಕಿ ಇಟ್ಟು ಬರೆಯುವ ಸ್ವರಲಿಪಿ. ಅಜ್ಜನ ಪಕ್ಕ ಕೂತು ಕಿವಿಯಿಂದಲೇ ಕಲಿತ ಹುಡುಗನಿಗೆ ಇದು ಮೊದಮೊದಲು ಇರುವೆ ಸಾಲಿನಂತೆ ಕಂಡಿತ್ತು. ಈಗ ಸಲೀಸಾಗಿ ಓದುತ್ತಾನೆ.

ಸಂಜೆ ಊರಿಗೆ ಫೋನು ಮಾಡಿದ.

"ಹೆಂಗದಿ ತಮ್ಮಾ?"

"ಆರಾಮ ಅದೀನಿ ಅಜ್ಜಾ. ಆದ್ರ ಮ್ಯಾಲಿನ ಸ್ವರ ಸೀಳತೈತಿ. ಎಷ್ಟ್ ಊದಿದ್ರೂ ಬರವಲ್ದು. ತುಟಿ ಬಾತೈತಿ."

ಅಜ್ಜ ನಕ್ಕರು. "ತುಟಿ ದಣದೈತಿ ಅಂದ್ರ ಊದಬ್ಯಾಡ. ವಾದ್ಯ ಕೆಳಗಿಡು, ಮನಸಿನ್ಯಾಗ ಊದು. ಮೂರ್ ದಿನದ ಲಗ್ನದಾಗ ನಾವೂ ಹಂಗ ಮಾಡತಿದ್ವಿ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು. "ಇನ್ನೊಂದ್ ಮಾತು ಕೇಳು. ನೀ ಎಷ್ಟ್ ಚಂದ ಊದತಿ ಅಂತ ನೋಡಾಕ ಅಲ್ಲಿ ಯಾರೂ ಬರಂಗಿಲ್ಲ. ಹೋದವರನ್ನ ನೆನಸಾಕ ಬರತಾರ. ಅದನ್ನ ಮರೀಬ್ಯಾಡ."

ಶುಕ್ರವಾರ: ವಾದ್ಯ ಬದಿಗಿಟ್ಟು

ಈ ದಿನದ ಪಾಠಕ್ಕೂ ಸಂಗೀತಕ್ಕೂ ಸಂಬಂಧವಿಲ್ಲ ಎನಿಸಬಹುದು. ಗಾಯಕ್ಕೆ ಪಟ್ಟಿ ಕಟ್ಟುವುದು, ರಕ್ತ ನಿಲ್ಲಿಸುವುದು, ಮುರಿದ ಕಾಲಿಗೆ ಪಟ್ಟಿ ಹಲಗೆ ಬಿಗಿಯುವುದು, ಗಾಯಾಳುವನ್ನು ಸ್ಟ್ರೆಚರ್ ಮೇಲೆ ಅಲುಗದಂತೆ ಒಯ್ಯುವುದು. ಯುದ್ಧ ಬಂದಾಗ ಬ್ಯಾಂಡಿನವರು ವಾದ್ಯ ಬದಿಗಿಟ್ಟು ಗಾಯಾಳುಗಳನ್ನು ಹೊತ್ತು ತರುತ್ತಾರೆ. ಇದು ಅನೇಕ ದೇಶಗಳ ಸೇನೆಗಳಲ್ಲಿ ಹಿಂದಿನಿಂದ ಬಂದ ರೂಢಿ.

ಅಭ್ಯಾಸಕ್ಕೆ ಗೆಳೆಯನೊಬ್ಬ ಗಾಯಾಳುವಾಗಿ ಮಲಗಿದ. ನಾಲ್ವರು ಎತ್ತಿದರು. ಹೆಜ್ಜೆ ಕೂಡಿ ಬಿದ್ದರೆ ಸ್ಟ್ರೆಚರ್ ತೂಗಾಡುತ್ತದೆ, ಹಾಗಾಗಿ ಇಲ್ಲಿ ಮಾತ್ರ ಬೇಕೆಂದೇ ಹೆಜ್ಜೆ ತಪ್ಪಿಸಿ ನಡೆಯಬೇಕು. ಬುಧವಾರವೆಲ್ಲ ಹೆಜ್ಜೆ ಕೂಡಿಸಲು ಬೆವರು ಹರಿಸಿದವರಿಗೆ ಶುಕ್ರವಾರ ಹೆಜ್ಜೆ ತಪ್ಪಿಸುವ ಪಾಠ! ಎಲ್ಲರೂ ನಕ್ಕರು. ಆದರೆ ಭಾರ ಹೊತ್ತು ಅರ್ಧ ಮೈಲಿ ನಡೆದ ಮೇಲೆ ನಗು ನಿಂತಿತು. ನಾಳೆ ನಿಜವಾದ ಗಾಯಾಳು ಇದೇ ಕೈಗಳನ್ನು ನಂಬಿ ಮಲಗಬಹುದು ಎಂದು ಹುಡುಗನಿಗೆ ಅನಿಸಿತು. ಅಜ್ಜನ ಎರಡನೇ ಮಾತು ಆಗ ಅವನಿಗೆ ಅರ್ಥವಾಯಿತು.

ಶನಿವಾರ: ಊದದ ದಿನ

ಶನಿವಾರ ಅವನು ಬ್ಯೂಗಲ್ಲಿಗೆ ಬಾಯಿ ಇಡಲಿಲ್ಲ. ಬೂಟಿಗೆ ಪಾಲಿಶ್ ಹಾಕಿದ, ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದ, ಬ್ಯೂಗಲ್ಲನ್ನು ಮುಖ ಕಾಣುವಷ್ಟು ತಿಕ್ಕಿದ. ತಿಕ್ಕುತ್ತಲೇ ಮನಸ್ಸಿನಲ್ಲಿ ಇಡೀ ಕರೆಯನ್ನು ಊದಿದ. ಎಲ್ಲಿ ಉಸಿರು ತೆಗೆಯಬೇಕು, ಎಲ್ಲಿ ಸ್ವರವನ್ನು ಹಿಡಿದು ನಿಲ್ಲಬೇಕು, ಎಲ್ಲಿ ಬಿಡಬೇಕು.

ಆ ಕರೆಯ ಹೆಸರು 'ಲಾಸ್ಟ್ ಪೋಸ್ಟ್'. ಹಿಂದೆ ವೈರ್‌ಲೆಸ್ ಇಲ್ಲದ ಕಾಲದಲ್ಲಿ ಬ್ಯೂಗಲ್ಲೇ ಸೈನಿಕರ ಗಡಿಯಾರ. ಏಳಲು ಒಂದು ಕರೆ, ಊಟಕ್ಕೆ ಒಂದು, ಮುನ್ನುಗ್ಗಲು ಒಂದು. ರಾತ್ರಿ ಕಾವಲು ಠಾಣೆಗಳನ್ನೆಲ್ಲ ನೋಡಿ ಬಂದ ಮೇಲೆ, ಕೊನೆಯ ಠಾಣೆಯೂ ಮುಗಿಯಿತು, ಇನ್ನು ಮಲಗಿ ಎಂದು ಊದುತ್ತಿದ್ದುದೇ ಲಾಸ್ಟ್ ಪೋಸ್ಟ್. ಕಾಲಕ್ರಮದಲ್ಲಿ ಅದು ಮಡಿದ ಸೈನಿಕರಿಗೆ ಹೇಳುವ ವಿದಾಯವಾಯಿತು. ನಿಮ್ಮ ಕಾವಲು ಮುಗಿಯಿತು, ಇನ್ನು ವಿಶ್ರಮಿಸಿ ಎಂದು ಅದರ ಅರ್ಥ.

ಭಾನುವಾರ: ಮೇಲಿನ ಪ

ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ವಾದ್ಯದ ಮೂತಿ ತಣ್ಣಗಾಗದಿರಲಿ ಎಂದು ಹುಡುಗ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದ. ಸ್ಮಾರಕಕ್ಕೆ ಹೂವಿನ ಚಕ್ರ ಇಟ್ಟರು. 'ಶೋಕ್ ಶಸ್ತ್ರ' ಎಂಬ ಆಜ್ಞೆ ಬಂತು. ಸೈನಿಕರು ಬಂದೂಕುಗಳನ್ನು ತಲೆಕೆಳಗೆ ಮಾಡಿ, ತಲೆ ಬಾಗಿಸಿದರು. ಮುಂದಿನ ಸಾಲಿನಲ್ಲಿ ಪದಕ ಧರಿಸಿದ ವೃದ್ಧರೊಬ್ಬರು ಊರುಗೋಲು ಪಕ್ಕಕ್ಕಿಟ್ಟು ಎದ್ದು ನಿಂತರು.

ಹುಡುಗ ಬ್ಯೂಗಲ್ ಎತ್ತಿದ. ಮೊದಲ ಸ್ವರ ಬಂತು. ಎರಡನೆಯದು ಬಂತು. ಮೇಲಿನ ಪ ಹತ್ತಿರ ಬಂದಾಗ ಅವನು ತನ್ನ ತುಟಿಯನ್ನು ನೆನೆಯಲಿಲ್ಲ. ಎದುರಿಗೆ ನಿಂತ ಆ ವೃದ್ಧರನ್ನು ನೋಡಿದ. ಸ್ವರ ಸಣ್ಣದಾಗಿ, ತುಸು ನಡುಗುತ್ತಾ ಬಂತು. ಆದರೆ ಸೀಳಲಿಲ್ಲ.

ಆಮೇಲೆ ಮೌನ. ಹಕ್ಕಿಯೊಂದು ಕೂಗಿತು. ಮೌನ ಮುಗಿದಾಗ ಅವನು ಇನ್ನೊಂದು ಕರೆ ಊದಿದ. ಅದರ ಹೆಸರು 'ರೌಸ್', ಏಳಿ ಎನ್ನುವ ಬೆಳಗಿನ ಕರೆ. ಹೋದವರಿಗೆ ವಿದಾಯ ಹೇಳಿದ ಮೇಲೆ ಇರುವವರು ಎದ್ದು ಕೆಲಸಕ್ಕೆ ಹೋಗಬೇಕಲ್ಲ! ತಲೆಗಳು ಮೇಲೆದ್ದವು.

ಉಸ್ತಾದರು ಹತ್ತಿರ ಬಂದು ಹೆಗಲು ತಟ್ಟಿದರು. "ನಾಳೆ ಬೆಳಿಗ್ಗೆ ಓಟ ಇದೆ, ಮರೆಯಬೇಡ" ಎಂದರು. ಅಷ್ಟೇ. ಸಂಜೆ ಅಜ್ಜನ ಫೋನು ಬಂತು. ಅಜ್ಜ "ಬಂತಾ?" ಎಂದರು. ಹುಡುಗ "ಬಂತಜ್ಜಾ" ಎಂದ.

ಮಕ್ಕಳೇ, ಪ್ರತಿ ವರ್ಷ ಜನವರಿ 29ರ ಸಂಜೆ ದೆಹಲಿಯ ವಿಜಯ್ ಚೌಕದಲ್ಲಿ 'ಬೀಟಿಂಗ್ ರಿಟ್ರೀಟ್' ನಡೆಯುತ್ತದೆ. ಹಿಂದಿನ ಕಾಲದಲ್ಲಿ ಸೂರ್ಯ ಮುಳುಗಿದಾಗ ಕಾದಾಟ ನಿಲ್ಲಿಸಿ, ಸೈನಿಕರು ಬೀಡಿಗೆ ಮರಳುತ್ತಿದ್ದರು. ಅದರ ನೆನಪು ಅದು. ಈ ಸಲ ಅಜ್ಜ ಅಜ್ಜಿಯ ಜೊತೆ ಕೂತು ನೋಡಿ. ಮೈಸೂರಿನ ಕಡೆಯವರಾದರೆ ದಸರೆಯಲ್ಲಿ ನಮ್ಮ ಪೊಲೀಸ್ ಬ್ಯಾಂಡನ್ನು ಹತ್ತಿರದಿಂದಲೇ ಕೇಳಬಹುದು. ನೂರು ಜನರ ನಡುವೆ ಒಬ್ಬ ಸಣ್ಣ ವಾದ್ಯಗಾರನನ್ನು ಆರಿಸಿಕೊಂಡು, ಅವನ ಕಾಲು, ಉಸಿರು, ಬೆರಳು ಮೂರನ್ನೂ ಗಮನಿಸಿ. ಅವನೂ ಎಲ್ಲೋ ಒಂದು ಕಡೆ, ಯಾವುದೋ ಒಂದು ಸ್ವರಕ್ಕಾಗಿ ವಾರವಿಡೀ ಒದ್ದಾಡಿದವನೇ.