ಗೋವಾದಿಂದ ಚೊರೀಸ್ ತರ್ತೀರಾ? ಕೊಳ್ಳೋ ಮುಂಚೆ ಇಷ್ಟು ನೋಡಿ

ಕೊಪ್ಪಳ: ದುಡಿಯಲು ಗೋವಾಕ್ಕೆ ಹೋದ ನಮ್ಮ ಭಾಗದವರು ಊರಿಗೆ ಬರುವಾಗ ಗೋಡಂಬಿ ಜೊತೆ ಚೊರೀಸ್ ಸರವನ್ನೂ ತರುವುದುಂಟು. ಹಂದಿ ಮಾಂಸದ ತುಂಡುಗಳಿಗೆ ಒಣ ಮೆಣಸಿನಕಾಯಿ, ಬೆಳ್ಳುಳ್ಳಿ, ಕಳ್ಳಿನ ವಿನೆಗರ್ ಕಲಸಿ, ಕರುಳಿನಲ್ಲಿ ತುಂಬಿ ಒಣಗಿಸಿದ ಸಾಸೇಜ್ ಇದು. ಗೋವಾಕ್ಕೆ ಕಲಿಸಿದವರು ಪೋರ್ಚುಗೀಸರು. ಸ್ಪೇನಿನವರಿಂದ ಮೆಕ್ಸಿಕೋ ಕಲಿತ ಚೊರಿಝೊ ಇದರ ದೂರದ ನೆಂಟ. ಅದನ್ನು ಹೆಚ್ಚಾಗಿ ಹಸಿಯಾಗಿಯೇ ಮಾರುತ್ತಾರೆ.

ನಮ್ಮವರು ಎಡವೋದು ಇಲ್ಲೇ. ಚೊರೀಸ್ ಒಣಗಿರುತ್ತೆ, ಬೆಂದಿರಲ್ಲ. ಹಾಗೇ ಕಚ್ಚಿ ತಿನ್ನಬೇಡಿ. ಹಂದಿ ಮಾಂಸ ಅರೆಬೆಂದಿದ್ದರೆ ಹೊಟ್ಟೆಗೆ ಲಾಡಿಹುಳು ಸೇರುವ ಅಪಾಯವಿದೆ.

ಕೊಳ್ಳುವಾಗ ಒತ್ತಿ ನೋಡಿ, ಗಟ್ಟಿಯಾಗಿರಬೇಕು. ಹುಳಿ-ಖಾರದ ವಾಸನೆ ಸರಿ. ಕೊಳೆತ ನಾತ ಬಂದರೆ, ಮೇಲೆ ಲೋಳೆ ಇದ್ದರೆ ಬಿಟ್ಟುಬಿಡಿ. ಕೆಂಪಗಿದೆ ಅಂತ ಮರುಳಾಗಬೇಡಿ, ಬಣ್ಣ ಹಾಕಿದ್ರೂ ಕೆಂಪಾಗುತ್ತೆ. ಪ್ಯಾಕೆಟ್ ಆದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ತಯಾರಾದ ದಿನಾಂಕ ನೋಡಿ. ಫ್ರಿಜ್‌ನಲ್ಲಿಡಿ ಅಂತ ಬರೆದಿದ್ದರೆ, ಬೇಸಿಗೆಯಲ್ಲಿ ರೈಲಿನ ಬ್ಯಾಗಿನೊಳಗೆ ಇಟ್ಟು ತರುವ ಮಾಲಲ್ಲ ಅದು.

ಮನೆಯಲ್ಲಿ ಮೇಲಿನ ಪೊರೆ ಬಿಡಿಸಿ, ಉಳ್ಳಾಗಡ್ಡಿ, ಆಲೂಗಡ್ಡೆ, ನೀರು ಹಾಕಿ ಮಾಂಸ ಪೂರ್ತಿ ಬೇಯುವ ತನಕ ಕುದಿಸಿ. ಎಣ್ಣೆ ಬೇಡ, ಕೊಬ್ಬು ತಾನೇ ಬಿಡುತ್ತೆ. ಉಪ್ಪು ಮಾತ್ರ ಕಡೆಗೆ, ರುಚಿ ನೋಡಿಯೇ ಹಾಕಿ.