ಪುಣಜನೂರಿನಿಂದ ಪೇಟೆಗೆ: ಬೈಕೋ, ಬಸ್ಸೋ?

ಚಾಮರಾಜನಗರದಿಂದ ಸತ್ಯಮಂಗಲದ ಕಡೆ ಹೊರಟರೆ ಸುವರ್ಣಾವತಿ ಜಲಾಶಯ ದಾಟಿದ ಮೇಲೆ ಕಾಡು ಹತ್ತಿರವಾಗುತ್ತದೆ. ಗಡಿಗೆ ಮುಂಚೆ ಸಿಗುವುದೇ ಪುಣಜನೂರು. ಅಲ್ಲಿ ಚೆಕ್‌ಪೋಸ್ಟು, ಸುತ್ತ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶ, ಒಳಗೆ ಸೋಲಿಗರ ಪೋಡುಗಳು. ದೊಡ್ಡಾಸ್ಪತ್ರೆ, ಕಾಲೇಜು, ಡಿ.ಸಿ. ಆಫೀಸು ಯಾವುದಕ್ಕೇ ಆದರೂ 20 ಕಿ.ಮೀ. ಆಸುಪಾಸಿನ ಚಾಮರಾಜನಗರಕ್ಕೆ ಬರಬೇಕು. ಬೈಕೋ ಬಸ್ಸೋ ಎಂಬ ಮಾತು ಬಂದರೆ ಇಂಥ ಊರುಗಳಲ್ಲಿ ಸಿಗುವ ಉತ್ತರ ಒಂದೇ: ‘ಬಸ್ ಕಾಯ್ಕಂಡು ಕುಂತ್ರ ದಿನವೇ ಕಳದೋಯ್ತದ.’

ಆ ಮಾತಿನಲ್ಲಿ ಅರ್ಧ ನಿಜವಿದೆ. ಬಸ್ಸು ನಿಧಾನವಾಗಿ ಓಡುವುದಿಲ್ಲ. ನಮ್ಮ ಹೊತ್ತು ಹೋಗುವುದು ಸ್ಟಾಪಿನಲ್ಲಿ. ಸಮಯ ಗೊತ್ತಿದ್ದು ಹೊರಟವರಿಗೆ 20 ಕಿ.ಮೀ. ದಾರಿಯಲ್ಲಿ ಬೈಕು ಉಳಿಸಿಕೊಡುವುದು ಕೆಲವು ನಿಮಿಷ ಮಾತ್ರ. ಆದರೆ ಪೋಡಿನಿಂದ ಹೆದ್ದಾರಿಗೆ ಕಾಲ್ನಡೆಯಲ್ಲಿ ಬರಬೇಕಾದವರ ಕಷ್ಟ ಬೇರೆ. ಅವರಿಗೆ ‘ಬಸ್ಸಲ್ಲೇ ಹೋಗಿ’ ಎಂದು ಉಪದೇಶ ಮಾಡುವುದು ಸುಲಭ, ಅಷ್ಟೆ.

‘ಬೈಕೇ ಅಗ್ಗ’ ಎಂಬ ನಂಬಿಕೆ ಮಾತ್ರ ಲೆಕ್ಕಕ್ಕೆ ಕೂತರೆ ನಿಲ್ಲುವುದಿಲ್ಲ. ಲೀಟರಿಗೆ 50 ಕಿ.ಮೀ. ಕೊಡುವ ಗಾಡಿ, ಹೋಗಿ ಬರಲು 40 ಕಿ.ಮೀ., ಪೆಟ್ರೋಲಿಗೆ ಲೀಟರಿಗೆ 100 ರೂಪಾಯಿ ಎಂದೇ ಹಿಡಿಯಿರಿ: ದಿನಕ್ಕೆ 80 ರೂಪಾಯಿ, 25 ದಿನಕ್ಕೆ 2,000. ಕಂತು, ಇನ್ಶೂರೆನ್ಸು, ಟೈರು, ಚೈನ್‌ಸೆಟ್ಟು ಇದರಲ್ಲಿ ಸೇರಿಲ್ಲ. ಇಬ್ಬರು ಗಂಡಸರು ಒಂದೇ ಗಾಡಿಯಲ್ಲಿ ಹೋದರೆ ಬೈಕು ಗೆಲ್ಲಬಹುದು. ಗಂಡ ಹೆಂಡತಿ ಹೊರಟರೆ ಗೆಲ್ಲುವುದಿಲ್ಲ, ಏಕೆಂದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ.

ಉಚಿತ ಎಂದ ಮಾತ್ರಕ್ಕೆ ಕೈ ಅಡ್ಡ ಹಾಕಿ ನಿಲ್ಲಿಸಿದ ಬಸ್ಸೆಲ್ಲ ಉಚಿತವಲ್ಲ. ಗಡಿಯ ಊರಿನವರು ಇದನ್ನು ನೆನಪಿಡಬೇಕು. ಈ ರಸ್ತೆಯಲ್ಲಿ ತಮಿಳುನಾಡಿನ ಬಸ್ಸುಗಳೂ ಓಡುತ್ತವೆ. ಅವುಗಳಲ್ಲಿ ನಮ್ಮ ಶಕ್ತಿ ನಡೆಯುವುದಿಲ್ಲ. ಬೋರ್ಡು ನೋಡಿ ಹತ್ತಿ. ‘ಫ್ರೀ ತಾನೆ, ಟಿಕೆಟ್ ಯಾಕೆ’ ಎನ್ನುವವರೂ ಇದ್ದಾರೆ. ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್ ಬರೀ ಚೀಟಿಯಲ್ಲ, ಸರ್ಕಾರ ನಿಗಮಕ್ಕೆ ದುಡ್ಡು ತುಂಬಿಕೊಡುವುದು ಅದೇ ಲೆಕ್ಕದ ಮೇಲೆ. ಕೇಳಿ ಪಡೆಯಿರಿ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವುದು ಗೂಡ್ಸ್ ಗಾಡಿ. ಮದುವೆ, ಕೂಲಿ, ಮಾದಪ್ಪನ ಬೆಟ್ಟದ ಜಾತ್ರೆ, ಎಲ್ಲಕ್ಕೂ ಹಿಂದೆ ನಿಂತು ಹೋಗುವುದೇ. ‘ಬಾಡಿಗೆ ಕೊಟ್ಟಿದ್ದೀವಿ, ಗಾಡಿಗೆ ಇನ್ಶೂರೆನ್ಸ್ ಇದೆ, ಏನಾದರೂ ಆದರೆ ಪರಿಹಾರ ಬರುತ್ತದೆ’ ಎಂಬ ಧೈರ್ಯ ಬೇರೆ. ಸರಕಿನ ಗಾಡಿಯಲ್ಲಿ ಹಾಗೆ ಹತ್ತಿಸಿಕೊಂಡು ಹೋದ ಪ್ರಯಾಣಿಕರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲೇ ತೀರ್ಪು ಕೊಟ್ಟಿದೆ. ಗಾಡಿ ಉರುಳಿದರೆ ಮಾಲೀಕನ ಹಿಂದೆ ಅಲೆಯಬೇಕು. ಆ ಬಡಪಾಯಿಯ ಹತ್ತಿರವೂ ಕೊಡಲು ಏನಿರುತ್ತದೆ?

‘ನಾನು ಹುಷಾರಾಗಿ ಓಡಿಸುತ್ತೇನೆ’ ಎನ್ನುವ ಬೈಕಿನವರಿಗೆ ಒಂದು ಅಂಕಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ಶೇ 44.5 ದ್ವಿಚಕ್ರ ವಾಹನದವರು. ಬೈಕುಗಳ ಸಂಖ್ಯೆಯೇ ಹೆಚ್ಚು ಎಂಬುದು ನಿಜ. ಆದರೂ ಕಾಡಿನ ತಿರುವಿನಲ್ಲಿ ಆನೆ ಎದುರಾದಾಗ ಬೈಕಿನವನಿಗೆ ಮರೆ ಎಂಬುದೇ ಇಲ್ಲ.

ಹೊಗೆಯ ವಿಚಾರದಲ್ಲೂ ಕಣ್ಣು ಮೋಸ ಮಾಡುತ್ತದೆ. ಹಳೆಯ ಬಸ್ಸಿನ ಕಪ್ಪು ಹೊಗೆ ಕಾಣುತ್ತದೆ, ಬೈಕಿನದು ಕಾಣುವುದಿಲ್ಲ. ಬಸ್ಸು ಒಂದು ಲೀಟರ್ ಡೀಸೆಲ್‌ಗೆ ಓಡುವುದು ಸುಮಾರು 5 ಕಿ.ಮೀ. ಅದರಲ್ಲಿ 40 ಜನ ಇದ್ದರೆ ಒಬ್ಬೊಬ್ಬರ ಲೆಕ್ಕಕ್ಕೆ ಲೀಟರಿಗೆ 200 ಕಿ.ಮೀ. ಹತ್ತೇ ಜನ ಇದ್ದರೆ ಒಂಟಿ ಬೈಕಿನ ಸಮ. ಹಾಗಾಗಿ ಖಾಲಿ ಬಸ್ಸನ್ನು ಹೊಗಳುವುದರಲ್ಲಿ ಅರ್ಥವಿಲ್ಲ. ಕಾಡಿಗೆ ಇನ್ನೊಂದು ಲೆಕ್ಕವಿದೆ: 40 ಜನ ಬಸ್ಸಲ್ಲಿ ಹೋದರೆ ಪ್ರಾಣಿಗಳು ದಾಟುವ ಜಾಗದಲ್ಲಿ ಹಾಯುವುದು ಒಂದೇ ಗಾಡಿ, ಅವರೆಲ್ಲ ಒಂಟಿ ಬೈಕುಗಳಲ್ಲಿ ಹೋದರೆ 40 ಗಾಡಿ, 40 ಹಾರ್ನು.

ಗುಂಡ್ಲುಪೇಟೆ ಕಡೆ ಇದೇ ಯೋಚನೆ ರಸ್ತೆಯ ಮೇಲೆ ಜಾರಿಯಲ್ಲಿದೆ. 2009ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ‘ಗೇಟು ಹಾಕಿದರೆ ಯಾರೂ ಹೋಗುವ ಹಾಗಿಲ್ಲ’ ಎಂದು ಎಷ್ಟೋ ಜನ ತಿಳಿದಿದ್ದಾರೆ. ಆಂಬುಲೆನ್ಸಿಗೆ ಬಿಡುತ್ತಾರೆ, ಬೆರಳೆಣಿಕೆಯ ಸರ್ಕಾರಿ ಬಸ್ಸಿಗೂ ಬಿಡುತ್ತಾರೆ. ನಿಲ್ಲಬೇಕಾದದ್ದು ನಮ್ಮ ಕಾರು, ಬೈಕು, ಲಾರಿ.

ರೈಲಿನ ಮಾತು ಚಿಕ್ಕದು. ಮೈಸೂರಿನಿಂದ ನಂಜನಗೂಡಿನ ಮೇಲೆ ಬರುವ ಹಳಿ ಚಾಮರಾಜನಗರಕ್ಕೇ ಮುಗಿಯುತ್ತದೆ. ಗುಂಡ್ಲುಪೇಟೆಗೆ ರೈಲಿಲ್ಲ. ಮೈಸೂರಿಗೆ ದಿನಾ ಓಡಾಡುವವರಿಗೆ ಪ್ಯಾಸೆಂಜರ್ ರೈಲು ಅಗ್ಗ. ಸಮಯ ಹೊಂದಿದರೆ ಬಿಡಬೇಡಿ.

ಹಾಗಾದರೆ ಪುಣಜನೂರಿನವರು ಬೈಕು ಮಾರಬೇಕೆ? ಬೇಡ. ಪೋಡಿನಿಂದ ಹೆದ್ದಾರಿಯವರೆಗೆ, ಹೊಲಕ್ಕೆ, ನಡುರಾತ್ರಿಯ ತುರ್ತಿಗೆ ಬೈಕೇ ಬೇಕು. ಹಗಲು ಹೋಗಿ ಬರುವ ಪೇಟೆ ಕೆಲಸಕ್ಕೆ ಬಸ್ಸೇ ಲೇಸು. ಸಮಯಕ್ಕೆ ಬಸ್ಸಿಲ್ಲದಿದ್ದರೆ ಗ್ರಾಮಸಭೆಯಲ್ಲಿ ಎತ್ತಿ, ಪಂಚಾಯಿತಿಯ ನಿರ್ಣಯ ಮಾಡಿಸಿ, ಡಿಪೋ ಮ್ಯಾನೇಜರಿಗೆ ಅರ್ಜಿ ಕೊಡಿ. ಪೇಟೆಗೆ ಹೊರಟ ದಿನ ಸಂಜೆಯ ಕೊನೆ ಬಸ್ಸು ಎಷ್ಟು ಹೊತ್ತಿಗೆಂದು ಬೆಳಿಗ್ಗೆಯೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.