ರಸಾಯನೋದ್ಯಮವೂ ‘ಪಾಳು’ ಎಂಬ ಮಾತೂ

‘ರಸಾಯನ’ವೆಂಬುದು ಆಯುರ್ವೇದದ ಎಂಟು ಅಂಗಗಳಲ್ಲೊಂದರ ಹೆಸರು; ಮುಪ್ಪನ್ನು ತಡೆದು ಆಯುಸ್ಸನ್ನು ಬೆಳೆಯಿಸುವುದು ಅದರ ಪ್ರಯೋಜನ. ಅದೇ ಶಬ್ದವು ಕಾಲಾಂತರದಲ್ಲಿ ಆಧುನಿಕರ ದ್ರವ್ಯಶಾಸ್ತ್ರಕ್ಕೂ ಅದರಿಂದ ಹುಟ್ಟಿದ ಕೈಗಾರಿಕೆಗೂ ಸಂದಿತು. ಅರ್ಥವು ಎಷ್ಟು ದೂರ ಸರಿಯಿತೆಂಬುದನ್ನು ಅರಿಯಲು, ಏಕಾಂತದ ರಾಮಯ್ಯನ ಶಾಸನದಿಂದ ವಿದ್ವಾಂಸರಿಗೆ ಪರಿಚಿತವಾದ ಅಬಲೂರಿನ ಸೀಮೆಯನ್ನು ಬಿಟ್ಟು ಬಹುದೂರ ಹೋಗಬೇಕಾಗಿಲ್ಲ.

ಅಬಲೂರಿರುವ ಹಿರೇಕೆರೂರಿಗೆ ನೆರೆಯದಾದ ರಾಣೆಬೆನ್ನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ, 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು ಆರಂಭವಾಯಿತು. ಕೃತಕ ರೇಷ್ಮೆಗೆ ಬೇಕಾದ ಮರದ ತಿರುಳನ್ನು ಸಿದ್ಧಪಡಿಸುವುದು ಅದರ ಕೆಲಸ. ಕ್ಷಾರದಲ್ಲಿ ಬೇಯಿಸಿದ ತಿರುಳನ್ನು ನೂಲಾಗಿಸುವ ಕ್ರಮವನ್ನು 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್, ಬೀಡ್ಲ್ ಎಂಬವರು ಕಂಡುಹಿಡಿದಿದ್ದರು. ಮರದಲ್ಲಿ ನಾರಿನ ಅಂಶವನ್ನು ಬಿಗಿದಿಟ್ಟಿರುವ ಅಂಟುದ್ರವ್ಯವನ್ನು ಕರಗಿಸಿ ತೆಗೆಯದೆ ತಿರುಳು ದೊರೆಯದು. ಹೀಗೆ ಬೇರ್ಪಟ್ಟ ದ್ರವ್ಯವು ನೀರಿಗೆ ಸೇರಿದರೆ ನೀರು ಕಂದುಬಣ್ಣಕ್ಕೆ ತಿರುಗುತ್ತದೆ. ಅದರೊಡನೆ ಬರುವ ಕಲ್ಮಷವು ಕೊಳೆಯುವಾಗ ಮೀನುಗಳು ಉಸಿರಾಡುವ ಪ್ರಾಣವಾಯುವನ್ನು ಹೀರುತ್ತದೆ. ಕಾರ್ಖಾನೆಯ ಕೆಳಗಿನ ಹೊಳೆಯಲ್ಲಿ ಮೀನುಗಳು ಸತ್ತುದರಿಂದ ಬಲೆಯನ್ನೇ ನಂಬಿದ ಬೆಸ್ತರು ಮೊದಲು ಕಷ್ಟಕ್ಕೊಳಗಾದರು. ಸಹಸ್ರಾರು ಕುಟುಂಬಗಳಿಗೆ ಅದೇ ಕಾರ್ಖಾನೆಯು ಅನ್ನವಿತ್ತಿತೆಂಬುದೂ ಸತ್ಯವೇ.

ನದಿಯ ಕೇಡು ಕಣ್ಣಿಗೆ ಕಾಣುವಂಥದು. ನೆಲದ ವಿಷಯ ಹಾಗಲ್ಲ. ಅಲ್ಲಿ ಒಂದು ಮಾತೇ ಅರ್ಧ ಕಾರ್ಯವನ್ನು ಸಾಧಿಸಿತು. ತಿರುಳಿಗೆ ಮರ ಬೇಕಾದುದರಿಂದ 1984ರಲ್ಲಿ ಸರಕಾರವೂ ಈ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ಕಟ್ಟಿ, ಸುಮಾರು 30,000 ಹೆಕ್ಟೇರು ನೆಲವನ್ನು ನೀಲಗಿರಿಯ ತೋಪಿಗೆಂದು ಗೊತ್ತುಮಾಡಿದವು. ದಫ್ತರದ ಭಾಷೆಯಲ್ಲಿ ಅದು ಸಿ ಮತ್ತು ಡಿ ವರ್ಗದ ಪಾಳುನೆಲ. ಹಳ್ಳಿಗರಿಗಾದರೋ ಅದು ದನ ಮೇಯುವ ಕಾವಲು, ಸೌದೆಯ ಗುಡ್ಡ, ಗೊಬ್ಬರದ ಸೊಪ್ಪಿನ ನೆಲೆ. ನೀಲಗಿರಿಯ ಎಲೆಯನ್ನು ದನವು ಮೂಸಿಯೂ ನೋಡದು. ಒಡೆಯನಿಲ್ಲದ ನೆಲಕ್ಕೆ ಉಪಯೋಗವೂ ಇಲ್ಲವೆಂದು ಭಾವಿಸುವುದು ನಿಘಂಟಿನ ದೋಷವಲ್ಲ, ನಿಘಂಟನ್ನು ಬಳಸಿದವರ ದೋಷ.

1986ರಲ್ಲಿ ಶಿವರಾಮ ಕಾರಂತರೂ ಧಾರವಾಡದ ಸಮಾಜ ಪರಿವರ್ತನ ಸಮುದಾಯವೂ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕು, ಮರುವರ್ಷ ತಡೆಯಾಜ್ಞೆಯನ್ನು ಪಡೆದರು. ಆದರೂ ನೆಡುವಿಕೆಯು ನಿಲ್ಲದಿರಲು, 1987ನೆಯ ನವಂಬರ 14ರಂದು ಹಾನಗಲ್ಲ ಸೀಮೆಯ ಕುಸನೂರಿನಲ್ಲಿ ಜನರು ನೆರೆದು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. ಈ ಸತ್ಯಾಗ್ರಹಕ್ಕೆ ‘ಕಿತ್ತಿಕೋ–ಹಚ್ಚಿಕೋ’ ಎಂದು ಹೆಸರು. ಧಾರವಾಡದ ಕಡೆ ‘ಹಚ್ಚು’ ಎಂದರೆ ಸಸಿಯನ್ನು ನೆಡುವುದೆಂದೂ ಅರ್ಥ. ದೀಪ ಹಚ್ಚುವುದನ್ನಷ್ಟೇ ಬಲ್ಲ ದಕ್ಷಿಣದ ಓದುಗರು ಇದನ್ನು ಗಮನಿಸತಕ್ಕದ್ದು. ಆ ಸಂಸ್ಥೆಯು 1991ರಲ್ಲಿ ಮುಚ್ಚಲ್ಪಟ್ಟಿತು. ಕುಮಾರಪಟ್ಟಣದಲ್ಲಿ ತಿರುಳಿನ ಕೆಲಸವು ಅದರಿಂದ ನಿಲ್ಲಲಿಲ್ಲ.